‘ಅಟ್ಟರ್ ಫ್ಲಾಪ್’ ಸರಿ, ‘ಅಟ್ಟರ್ ಸಕ್ಸೆಸ್’ ಯಾಕೆ ತಪ್ಪು?

ಹೊಸಕೋಟೆ ಓದುಗ
ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದ ಬಗ್ಗೆ ಕೇಳಬೇಕಿತ್ತು. ನಮ್ಮ ಬಡಾವಣೆಯ ಸಂಘದಿಂದ ರಕ್ತದಾನ ಶಿಬಿರ ಮಾಡಿದೆವು. ಚೆನ್ನಾಗಿ ನಡೆಯಿತು. ವರದಿ ಇಂಗ್ಲಿಷಿನಲ್ಲಿ ಬೇಕು ಅಂದರು, ನಾನೇ ಬರೆದೆ. ಅದರಲ್ಲಿ ‘ದ ಕ್ಯಾಂಪ್ ವಾಸ್ ಆನ್ ಅಟ್ಟರ್ ಸಕ್ಸೆಸ್’ ಅಂತ ಒಂದು ಸಾಲು ಇತ್ತು. ಸಂಘದ ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ‘ಅಟ್ಟರ್’ ಹೊಡೆದು ‘ಕಂಪ್ಲೀಟ್’ ಅಂತ ಬರೆದರು. ಯಾಕೆ ಸರ್ ಅಂದರೆ, ಅದು ಕೆಟ್ಟದ್ದಕ್ಕೆ ಮಾತ್ರ ಬರುವ ಪದ ಅಂದರು.

ಮನೆಗೆ ಬಂದು ನಿಘಂಟು ತೆಗೆದೆ. ಸಂಪೂರ್ಣ, ಪೂರಾ ಅಂತಲೇ ಇದೆ. ಕೆಟ್ಟದ್ದು ಅನ್ನುವ ಸುಳಿವೇ ಇಲ್ಲ. ಅರ್ಥ ಒಂದೇ ಆದಮೇಲೆ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಹೇಗಾಗುತ್ತದೆ? ನಿಯಮ ಇದ್ದರೆ ಹೇಳಿ. ಸುಮ್ನೆ ‘ಕೇಳೋಕೆ ಸರಿಯಿಲ್ಲ’ ಅಂದರೆ ನಾನು ಒಪ್ಪುವುದಿಲ್ಲ.

ಗಾಂಧಿನಗರದ ಪ್ರೇಕ್ಷಕ
‘ಅಟ್ಟರ್ ಫ್ಲಾಪ್’ ಹುಟ್ಟಿದಾಗಿನಿಂದ ಕೇಳಿದ್ದೇನೆ. ‘ಅಟ್ಟರ್ ಹಿಟ್’ ಒಂದು ಸಲವೂ ಕೇಳಿಲ್ಲ.

ನಿವೃತ್ತ ಮೇಷ್ಟ್ರು
ಓದುಗರೇ, ನೀವು ವ್ಯಾಕರಣ ಮುರಿದಿಲ್ಲ. ಗುಣವಾಚಕ ಇದೆ, ನಾಮಪದ ಇದೆ, ಜೋಡಣೆ ಸರಿ ಇದೆ. ಆದರೂ ಕಾರ್ಯದರ್ಶಿಗಳು ತಿದ್ದಿದ್ದು ಸರಿ.

ಇಂಗ್ಲಿಷಿನವರು ‘ಅಟ್ಟರ್’ ಪಕ್ಕ ಏನು ಕೂರಿಸುತ್ತಾರೆ ನೋಡಿ. ನಾನ್ಸೆನ್ಸ್, ರಬ್ಬಿಶ್, ಕೇಯಾಸ್, ಫೇಲ್ಯೂರ್, ಡಿಸಾಸ್ಟರ್, ಡಿಸ್ಪೇರ್, ಕಂಟೆಂಪ್ಟ್. ಹತ್ತು ಉದಾಹರಣೆ ತೆಗೆದರೆ ಹೆಚ್ಚಿನವು ಹೀಗೇ ಇರುತ್ತವೆ. ಇದು ನಿಯಮದ ಪುಸ್ತಕದಲ್ಲಿ ಇಲ್ಲ, ರೂಢಿಯಲ್ಲಿ ಇದೆ. ಕೇಳುವವನ ಕಿವಿ ‘ಅಟ್ಟರ್’ ಅಂದ ತಕ್ಷಣ ಮುಂದೆ ಏನೋ ಅನಾಹುತ ಬರುತ್ತೆ ಅಂತ ಕಾಯುತ್ತದೆ. ಅಲ್ಲಿ ‘ಸಕ್ಸೆಸ್’ ಬಂದರೆ ಎಡವಿದ ಹಾಗಾಗುತ್ತದೆ.

ಈ ಪದಕ್ಕೆ ನಿಜವಾದ ನಿಯಮಗಳೂ ಇವೆ. ನಾಮಪದಕ್ಕಿಂತ ಮೊದಲೇ ಬರಬೇಕು. ‘ಅಟ್ಟರ್ ಕೇಯಾಸ್’ ಸರಿ, ‘ದ ಕೇಯಾಸ್ ವಾಸ್ ಅಟ್ಟರ್’ ಅಂದರೆ ತಪ್ಪು. ‘ಕಂಪ್ಲೀಟ್’ ಎರಡೂ ಕಡೆ ಬರುತ್ತದೆ, ‘ಅಟ್ಟರ್’ ಬರಲ್ಲ. ‘ವೆರಿ ಅಟ್ಟರ್’, ‘ಮೋರ್ ಅಟ್ಟರ್’ ಕೂಡ ಇಲ್ಲ. ಪೂರ್ತಿ ಅಂದಮೇಲೆ ಅದಕ್ಕಿಂತ ಪೂರ್ತಿ ಇರಲ್ಲ ಅಲ್ವಾ.

ಕಡಲತೀರ
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ‘ಅಟ್ಟರ್ ಜಾಯ್’, ‘ಅಟ್ಟರ್ ಬ್ಲಿಸ್’, ‘ಅಟ್ಟರ್ ಡಿಲೈಟ್’ ಎಷ್ಟು ಕಡೆ ಓದಿದ್ದೇನೆ ಮಾರಾಯ್ರೆ. ಅವೇನು ಕೆಟ್ಟವಾ? ‘ಅಟ್ಟರ್ ಸೈಲೆನ್ಸ್’ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕೆಟ್ಟದ್ದಕ್ಕೆ ಮಾತ್ರ ಅಂತ ಕಾರ್ಯದರ್ಶಿಗಳು ಹೇಳಿದ್ದು ಜಾಸ್ತಿ ಆಯಿತು.

ಸುಮ್ನೆ ಓದುವವಳು
ಅಮುಲ್ ಬೆಣ್ಣೆ! ‘ಅಟ್ಟರ್ಲಿ ಬಟ್ಟರ್ಲಿ ಡೆಲಿಶಿಯಸ್’.

ಪದಬೇಟೆ
ಅಮುಲ್ ಉದಾಹರಣೆ ತುಂಬಾ ಚೆನ್ನಾಗಿದೆ ಅಕ್ಕ. ಆ ಜಾಹೀರಾತು ಶುರುವಾಗಿದ್ದು 1966ರಲ್ಲಿ, ಸಿಲ್ವೆಸ್ಟರ್ ಡಾಕುನ್ಹಾ ಅವರ ಕಂಪನಿಯಿಂದ. ಚುಕ್ಕಿ ಫ್ರಾಕಿನ ಹುಡುಗಿ ಇವತ್ತಿಗೂ ಅದೇ ಸಾಲು ಹೇಳುತ್ತಿದ್ದಾಳೆ. ಆದರೆ ಅದು ಕಿವಿಗೆ ಹತ್ತಿದ್ದಕ್ಕೆ ಒಂದು ಕಾರಣ ಪ್ರಾಸ, ಇನ್ನೊಂದು ಕಾರಣ ಅಲ್ಲಿ ‘ಅಟ್ಟರ್ಲಿ’ ನಿರೀಕ್ಷೆ ಇಲ್ಲದ ಜಾಗದಲ್ಲಿ ಬಂದಿರುವುದು. ‘ವೆರಿ ಡೆಲಿಶಿಯಸ್’ ಅಂದಿದ್ದರೆ ಯಾರಿಗೆ ನೆನಪಿರುತ್ತಿತ್ತು?

ಭಾಷಾ ವಿಜ್ಞಾನಿಗಳು ಇದನ್ನು ಗಂಭೀರವಾಗಿಯೇ ನೋಡಿದ್ದಾರೆ. ಬಿಲ್ ಲೌ ಎಂಬ ವಿದ್ವಾಂಸರು 1993ರ ಒಂದು ಲೇಖನದಲ್ಲಿ ಇದೇ ‘ಅಟ್ಟರ್ಲಿ’ ಪದವನ್ನು ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ಇಂಗ್ಲಿಷ್ ಬರಹಗಳಲ್ಲಿ ಅದು ಎಲ್ಲೆಲ್ಲಿ ಬಂದಿದೆ ಎಂದು ಸಾಲು ಸಾಲಾಗಿ ನೋಡಿದರು. ಅಕ್ಕಪಕ್ಕ ಬಂದಿದ್ದು ಬಹುಪಾಲು ಕೆಟ್ಟ ಸುದ್ದಿಯೇ. ಒಂದು ಪದ ತನ್ನ ಜೊತೆಗಾರರಿಂದ ಬಣ್ಣ ಹತ್ತಿಸಿಕೊಳ್ಳುವುದಕ್ಕೆ ‘ಸಿಮ್ಯಾಂಟಿಕ್ ಪ್ರಾಸಡಿ’ ಎಂದು ಹೆಸರು. ಈ ದಾರಿ ತೋರಿಸಿದವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಅವರ ತಂಡದ್ದೇ. ಅವರ ಒಂದು ಉದಾಹರಣೆ ‘ಸೆಟ್ ಇನ್’. ಕೊಳೆತ, ನಿರಾಸೆ, ಸೋಂಕು ಇವೆಲ್ಲ ‘ಸೆಟ್ ಇನ್’ ಆಗುತ್ತವೆ. ನೆಮ್ಮದಿ ಆಗುವುದು ಅಪರೂಪ.

ಹೊಸಕೋಟೆ ಓದುಗ
ಪದಬೇಟೆ ಸರ್, ಧನ್ಯವಾದ. ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ‘ಜಾಯ್’ ಒಳ್ಳೆಯದು, ಅದಕ್ಕೆ ಬರುತ್ತದೆ. ‘ಸಕ್ಸೆಸ್’ ಒಳ್ಳೆಯದು, ಅದಕ್ಕೆ ಯಾಕೆ ಬರಲ್ಲ?

ಕಡಲತೀರ
ನನಗೆ ಹೊಳೆದದ್ದು ಹೇಳುತ್ತೇನೆ. ‘ಜಾಯ್’, ‘ಬ್ಲಿಸ್’, ‘ಡಿಸ್ಪೇರ್’, ‘ಕೇಯಾಸ್’ ಎಲ್ಲ ಆಗಲೇ ತುದಿ ಮುಟ್ಟಿದ ಪದಗಳು. ಬರೀ ಖುಷಿ ಅಲ್ಲ, ಉಕ್ಕಿದ ಖುಷಿ. ಬರೀ ಬೇಜಾರಲ್ಲ, ಕೈಚೆಲ್ಲಿದ ಬೇಜಾರು. ಯಶಸ್ಸು ಹಾಗಲ್ಲ. ಸಣ್ಣ ಯಶಸ್ಸು, ಸಾಧಾರಣ ಯಶಸ್ಸು, ಅರ್ಧ ಯಶಸ್ಸು ಎಲ್ಲ ಇರುತ್ತವೆ. ತುದಿಯಲ್ಲಿರುವ ಪದಕ್ಕೇ ‘ಅಟ್ಟರ್’ ಹೊಂದುತ್ತದೆ.

ಧಾರವಾಡ ಪೇಡೆ
ಹಂಗಂದ್ರ ‘ಫೇಲ್ಯೂರ್’ ಏನ್ರೀ? ‘ಪಾರ್ಷಿಯಲ್ ಫೇಲ್ಯೂರ್’ ಅಂತಾರಲ್ಲ. ಅದೂ ಅರ್ಧ ಆಗುತ್ತದೆ. ಆದರೂ ‘ಅಟ್ಟರ್ ಫೇಲ್ಯೂರ್’ ಎಲ್ಲರೂ ಹೇಳುತ್ತಾರೆ. ನಿಮ್ಮ ಲೆಕ್ಕ ಇಲ್ಲಿ ಕೂಡಲಿಲ್ಲ.

ಕಡಲತೀರ
ಭಾವನೆಯ ಪದಗಳಿಗಾದರೂ ಕೂಡುತ್ತದೆ. ಖುಷಿಗೆ, ದುಃಖಕ್ಕೆ, ತಿರಸ್ಕಾರಕ್ಕೆ, ನಂಬಿಕೆಗೆ. ‘ಅಟ್ಟರ್ ಕನ್ವಿಕ್ಷನ್’ ಅಂತಾರೆ. ಭಾವನೆ ಬಿಟ್ಟು ಫಲಿತಾಂಶದ ಕಡೆ ಬಂದರೆ ಆಗ ಕೆಟ್ಟದ್ದಕ್ಕೆ ಮಾತ್ರ.

ನಿವೃತ್ತ ಮೇಷ್ಟ್ರು
ಇದು ಒಳ್ಳೆಯ ಮಾತು. ತರಗತಿಯಲ್ಲಿ ಹೇಳಲು ಇದಕ್ಕಿಂತ ಸುಲಭದ ಸೂತ್ರ ನನಗೆ ಗೊತ್ತಿಲ್ಲ. ಭಾವನೆ ತೀವ್ರವಾಗಿದ್ದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹಾಕಿ. ಕೆಲಸದ ಫಲಕ್ಕಾದರೆ ಕೆಟ್ಟದ್ದಕ್ಕೆ ಹಾಕಿ. ಯಶಸ್ಸಿಗೆ ‘ಕಂಪ್ಲೀಟ್’, ‘ಗ್ರೇಟ್’, ‘ರಿಸೌಂಡಿಂಗ್’ ಇವೆ.

ಪದಬೇಟೆ
ಓದುಗರೇ, ಇದು ಇಂಗ್ಲಿಷಿನವರ ಹಟ ಅಂತ ಅಂದುಕೊಳ್ಳಬೇಡಿ. ನಮ್ಮ ಭಾಷೆಯಲ್ಲೇ ನೋಡಿ. ‘ಕಡು ಬಡವ’ ಅಂತೀರಿ. ‘ಕಡು ಶ್ರೀಮಂತ’ ಅಂತೀರಾ? ಇಲ್ಲ, ‘ಆಗರ್ಭ ಶ್ರೀಮಂತ’ ಅಂತೀರಿ. ಹಾಗಂತ ‘ಆಗರ್ಭ ಬಡವ’ ಅನ್ನಲ್ಲ. ‘ಬದ್ಧ ವೈರಿ’ ಇದ್ದಾನೆ, ‘ಬದ್ಧ ಗೆಳೆಯ’ ಇಲ್ಲ. ‘ಕಟ್ಟಾ ಅಭಿಮಾನಿ’ ಸರಿ, ‘ಕಟ್ಟಾ ಅಣ್ಣ’ ಅಂದರೆ ನಗುತ್ತಾರೆ. ‘ಹಸಿ ಸುಳ್ಳು’ ಇದೆ, ‘ಹಸಿ ಸತ್ಯ’ ಅಂದರೆ ಬೇರೆಯೇ ಅರ್ಥ ಬರುತ್ತದೆ. ಎಲ್ಲದರ ಕೆಲಸ ಒಂದೇ, ಪೂರ್ತಿ ಅನ್ನುವುದನ್ನು ಒತ್ತಿ ಹೇಳುವುದು. ಆದರೆ ಒಂದರ ಜಾಗದಲ್ಲಿ ಇನ್ನೊಂದು ಬರಲ್ಲ.

ಇನ್ನೂ ಸ್ವಾರಸ್ಯದ್ದು ‘ತೀರಾ’. ‘ತೀರಾ ಕೆಟ್ಟವನು’ ಅಂದರೆ ಕೆಟ್ಟವನೇ. ‘ತೀರಾ ಒಳ್ಳೆಯವನು’ ಅಂದರೆ? ಅಲ್ಲೊಂದು ಆಕ್ಷೇಪ ಸೇರಿಕೊಳ್ಳುತ್ತದೆ. ಇಷ್ಟು ಒಳ್ಳೆಯವನಾದರೆ ಜನ ತಲೆ ಮೇಲೆ ಕೂರುತ್ತಾರೆ ಅನ್ನುವ ಕಾಳಜಿ ಬರುತ್ತದೆ. ಒಳ್ಳೆಯತನವನ್ನೂ ಸಮಸ್ಯೆ ಮಾಡುವಷ್ಟು ಬಲ ಆ ಪದಕ್ಕಿದೆ.

ಧಾರವಾಡ ಪೇಡೆ
‘ಕಡು’ ಕೆಟ್ಟದ್ದಕ್ಕೆ ಮಾತ್ರ ಅನ್ನಬೇಡ್ರಿ. ‘ಕಡುಜಾಣ’ ಅಂತ ಹಳೆಯ ಪದ್ಯಗಳಲ್ಲಿ ಬರುತ್ತದೆ. ‘ಕಡುಗೆಂಪು’, ‘ಕಡುನೀಲಿ’ಯಲ್ಲಿ ಕೆಟ್ಟದ್ದೇನಿದೆ? ಸೀರೆ ಅಂಗಡಿಯಲ್ಲಿ ದಿನಾ ಕೇಳೋ ಪದ.

ಪದಬೇಟೆ
ಕೆಟ್ಟದ್ದಕ್ಕೆ ಮಾತ್ರ ಅಂತ ನಾನು ಹೇಳಿಲ್ಲ. ಜೊತೆಗಾರರು ಗೊತ್ತುಪಡಿಸಿದವರು ಅಂದೆ. ಬಣ್ಣಕ್ಕೆ ಬರುತ್ತದೆ, ಬಡತನಕ್ಕೆ ಬರುತ್ತದೆ, ಕತ್ತಲೆಗೆ ಬರುತ್ತದೆ. ‘ಕಡುಗತ್ತಲೆ’ ಅಂತೀವಲ್ಲ.

ಗಾಂಧಿನಗರದ ಪ್ರೇಕ್ಷಕ
ಕನ್ನಡದಲ್ಲಿ ಇನ್ನೊಂದು ದಾರಿ ಇದೆಯಲ್ಲ. ಪದವನ್ನೇ ಎರಡು ಸಲ ಹೇಳುವುದು. ಬಟ್ಟಬಯಲು, ನಟ್ಟನಡುವೆ, ತುತ್ತತುದಿ, ಕಟ್ಟಕಡೆ, ಮೊತ್ತಮೊದಲು, ಹೊಚ್ಚಹೊಸ, ಹಚ್ಚಹಸಿರು.

ಸುಮ್ನೆ ಓದುವವಳು
ವಾಹ್. ಇವಕ್ಕೆ ಒಳ್ಳೆಯದು ಕೆಟ್ಟದ್ದು ಅನ್ನುವ ಭೇದವೇ ಇಲ್ಲ. ಯಾವ ಪದಕ್ಕೆ ಬೇಕೋ ಅದರ ತಲೆಯನ್ನೇ ಇನ್ನೊಂದು ಸಲ ಇಟ್ಟಿದ್ದಾರೆ.

ನಿವೃತ್ತ ಮೇಷ್ಟ್ರು
ಹೌದಮ್ಮ, ಆದರೆ ಹೊಸದಾಗಿ ಮಾಡಲು ಹೋದರೆ ಆಗಲ್ಲ. ‘ಮನೆ’ಗೆ ‘ಮಟ್ಟಮನೆ’ ಅನ್ನೋಕಾಗುತ್ತಾ? ಅಲ್ಲಿಯೂ ರೂಢಿಯೇ ದೊಡ್ಡದು.

ಪತ್ರ ಬರಹಗಾರ
ನಾನು ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುವವನು. ‘ಶುದ್ಧ’ ಪದ ಯಾರೂ ಎತ್ತಲಿಲ್ಲ, ಅದಕ್ಕೆ ಬಂದೆ. ‘ಶುದ್ಧ ಸುಳ್ಳು’, ‘ಶುದ್ಧ ಸೋಮಾರಿ’ ಅಂತೀವಲ್ಲ, ಅದೇ ‘ಶುದ್ಧ’ ನಮ್ಮ ಕೆಲಸದಲ್ಲೂ ಇದೆ. ಇಂಗ್ಲಿಷಿನ ‘ಅಬ್ಸಲ್ಯೂಟ್ ಸೇಲ್ ಡೀಡ್’ಗೆ ಕನ್ನಡದಲ್ಲಿ ‘ಶುದ್ಧ ಕ್ರಯಪತ್ರ’ ಅಂತ ತಲೆಬರಹ ಹಾಕುತ್ತೇವೆ.

ಇಲ್ಲಿ ಶುದ್ಧ ಅಂದರೆ ಷರತ್ತಿಲ್ಲದ್ದು. ಹಣ ಪೂರ್ತಿ ಸಂದಿದೆ, ಸ್ವಾಧೀನ ಬಿಟ್ಟುಕೊಟ್ಟಾಗಿದೆ, ಮಾರಿದವರಿಗೂ ಅವರ ವಾರಸುದಾರರಿಗೂ ಇನ್ನು ಹಕ್ಕಿಲ್ಲ ಅಂತ. ಕ್ರಯದ ಕರಾರು ಬೇರೆ. ಅದು ಮುಂದೆ ಮಾರುತ್ತೇನೆ ಅನ್ನುವ ಒಪ್ಪಂದ ಅಷ್ಟೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಬರೀ ಕರಾರಿನಿಂದ ಜಾಗದಲ್ಲಿ ಹಕ್ಕು ಹುಟ್ಟಲ್ಲ. ಷರತ್ತಿನ ಕ್ರಯ ಇನ್ನೂ ಬೇರೆ. ಅದನ್ನು 58ನೇ ಸೆಕ್ಷನ್ ಒಂಥರಾ ಅಡಮಾನ ಅಂತಲೇ ನೋಡುತ್ತದೆ. ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಸಿಕೊಂಡು ಸೈಟ್ ನನ್ನದಾಯಿತು ಅನ್ನುವವರು ಈಗಲೂ ಬರುತ್ತಾರೆ. ಹಾಗೆ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಒಂದು ಎಚ್ಚರಿಕೆ. ತಲೆಬರಹದಲ್ಲಿ ‘ಶುದ್ಧ’ ನೋಡಿ ಜಾಗಕ್ಕೆ ತಕರಾರೇ ಇಲ್ಲ ಅಂದುಕೊಳ್ಳುವವರು ತುಂಬಾ ಜನ. ಆ ‘ಶುದ್ಧ’ ಮಾರಾಟಕ್ಕೆ ಸೇರಿದ್ದು, ಜಾಗಕ್ಕಲ್ಲ. ಸಾಲ, ಅಡಮಾನ ಇದೆಯಾ ಅಂತ ತಿಳಿಯಲು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಲೇಬೇಕು. ಮೂಲ ಪತ್ರಗಳನ್ನೂ ವಕೀಲರಿಗೆ ತೋರಿಸಿ.

ಹೊಸಕೋಟೆ ಓದುಗ
ಇದು ನಿಜಕ್ಕೂ ಉಪಯೋಗದ ಮಾಹಿತಿ ಅಣ್ಣ. ಹಾಗಾದರೆ ‘ಅಟ್ಟರ್ ಸೇಲ್ ಡೀಡ್’ ಅಂತ ಯಾಕಿಲ್ಲ? ‘ಅಬ್ಸಲ್ಯೂಟ್’, ‘ಅಟ್ಟರ್’ ಎರಡಕ್ಕೂ ನಿಘಂಟಿನಲ್ಲಿ ಒಂದೇ ಅರ್ಥ ಇದೆ.

ಲ್ಯಾಬ್ ಅಕ್ಕ
ಅದು ನಾನು ಹೇಳುತ್ತೇನೆ. ‘ಅಬ್ಸಲ್ಯೂಟ್’ಗೆ ಒಂದು ಎದುರು ಪದ ಇದೆ. ಕೆಲವು ಕಡೆ ಅದು ‘ರಿಲೇಟಿವ್’, ಕೆಲವು ಕಡೆ ‘ಷರತ್ತಿನದು’. ಅದಕ್ಕೇ ವಿಜ್ಞಾನಕ್ಕೂ ಕಾನೂನಿಗೂ ಅದು ಬೇಕು. ಭೂಗೋಳದಲ್ಲಿ ಸಾಪೇಕ್ಷ ಆರ್ದ್ರತೆ, ನಿರಪೇಕ್ಷ ಆರ್ದ್ರತೆ ಓದಿದ್ದು ನೆನಪಿದೆಯಾ? ಅದೇ ಜೋಡಿ. ‘ಅಬ್ಸಲ್ಯೂಟ್ ಜೀರೊ’ ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ಉಷ್ಣತೆ ಇಳಿಯುವುದೇ ಇಲ್ಲ. ನೀರು ಹೆಪ್ಪುಗಟ್ಟುವುದನ್ನು ಸೊನ್ನೆ ಅಂದುಕೊಂಡಿದ್ದು ನಮ್ಮ ಅನುಕೂಲಕ್ಕೆ. ಇದು ಹಾಗಲ್ಲ.

ನಮ್ಮ ಲ್ಯಾಬಿನಲ್ಲಿ ‘ಅಬ್ಸಲ್ಯೂಟ್ ಆಲ್ಕೋಹಾಲ್’ ಬಾಟಲಿ ಇರುತ್ತದೆ. ಆಲ್ಕೋಹಾಲನ್ನು ಎಷ್ಟು ಸಲ ಕಾಯಿಸಿ ಬಟ್ಟಿ ಇಳಿಸಿದರೂ ತೂಕದಲ್ಲಿ ಸುಮಾರು ಶೇ 95.6ಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನೀರೂ ಆಲ್ಕೋಹಾಲೂ ಒಟ್ಟಿಗೇ ಆವಿಯಾಗುತ್ತವೆ. ಉಳಿದ ನೀರು ತೆಗೆಯಲು ಹಿಂದೆ ಸುಟ್ಟ ಸುಣ್ಣ ಹಾಕುತ್ತಿದ್ದರು. ಈಗ ನೀರನ್ನು ಹೀರುವ ಸಣ್ಣ ರಂಧ್ರದ ಹರಳುಗಳಿವೆ. ಹಾಗೆ ಶೇ 99 ದಾಟಿಸಿದ್ದಕ್ಕೆ ಈ ಹೆಸರು. ಅಂದರೆ ‘ಅಬ್ಸಲ್ಯೂಟ್’ಗೆ ಅಳತೆ ಇದೆ. ‘ಅಟ್ಟರ್’ಗೆ ಅಳತೆಯೇ ಇಲ್ಲ, ಹೇಳುವವನ ಮನಸ್ಸು ಮಾತ್ರ ಇದೆ. ಬಾಟಲಿ ಮೇಲೆ ‘ಅಟ್ಟರ್ ಆಲ್ಕೋಹಾಲ್’ ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ.

ಕೋರ್ಟ್ ಹಾಲ್ ಕಡೆಯಿಂದ
ಅಕ್ಕ ಹೇಳಿದ್ದಕ್ಕೆ ಕಾನೂನಿನಿಂದ ಒಂದು ಸೇರಿಸುತ್ತೇನೆ. ದೆಹಲಿಯ ಕಾರ್ಖಾನೆಯೊಂದರಲ್ಲಿ 1985ರ ಡಿಸೆಂಬರಿನಲ್ಲಿ ಓಲಿಯಂ ಅನಿಲ ಸೋರಿತು. ಭೋಪಾಲ್ ದುರಂತ ಆಗಿ ಒಂದು ವರ್ಷ ಅಷ್ಟೇ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ 1986ರಲ್ಲಿ ‘ಅಬ್ಸಲ್ಯೂಟ್ ಲಯಬಿಲಿಟಿ’ ತತ್ವ ತಂದಿತು. ಅದಕ್ಕೂ ಮೊದಲು ಇಂಗ್ಲೆಂಡಿನ 1868ರ ತೀರ್ಪಿನಿಂದ ಬಂದ ‘ಸ್ಟ್ರಿಕ್ಟ್ ಲಯಬಿಲಿಟಿ’ ಇತ್ತು. ಅದಕ್ಕೆ ವಿನಾಯಿತಿಗಳಿವೆ. ದೈವಿಕ ಆಪತ್ತು, ಮೂರನೆಯವರ ಕೈವಾಡ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಅಪಾಯದ ಉದ್ಯಮ ನಡೆಸುವವರಿಗೆ ಆ ಯಾವ ವಿನಾಯಿತಿಯೂ ಇಲ್ಲ ಅಂದಿದ್ದೇ ‘ಅಬ್ಸಲ್ಯೂಟ್’. ಒಂದು ಗುಣವಾಚಕ ಬದಲಾದರೆ ಪರಿಹಾರ ಸಿಗುವುದೂ ಬದಲಾಗುತ್ತದೆ. ಇಂಥ ಪದವನ್ನು ಹಗುರವಾಗಿ ಬಳಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಕಡಲತೀರ
ಆದರೆ ಮಾತಿನಲ್ಲಿ ಎಲ್ಲರೂ ‘ಅಬ್ಸಲ್ಯೂಟ್ ನಾನ್ಸೆನ್ಸ್’ ಅಂತಾರಲ್ಲ? ಅಲ್ಲಿ ಯಾವ ಅಳತೆ?

ಲ್ಯಾಬ್ ಅಕ್ಕ
ಅಲ್ಲಿ ‘ಅಟ್ಟರ್’ ಕೆಲಸವನ್ನೇ ಮಾಡುತ್ತಿದೆ. ‘ಅಬ್ಸಲ್ಯೂಟ್’ಗೆ ಎರಡು ಕೆಲಸ ಗೊತ್ತು, ‘ಅಟ್ಟರ್’ಗೆ ಒಂದೇ.

ಡೆಟ್ರಾಯಿಟ್ ಕನ್ನಡಿಗ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. ಉಚ್ಚಾರಣೆ ಬಗ್ಗೆ. ನಾವು ‘ಅಟ್ಟರ್’ ಅಂತ ಒತ್ತಕ್ಷರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಟಿ ಎರಡು ಸಲ ಬರೆದರೂ ಉಚ್ಚಾರಣೆಯಲ್ಲಿ ಒಂದೇ, ‘ಅಟರ್’. ಇಲ್ಲಿ ಅಮೆರಿಕದಲ್ಲಂತೂ ಆ ಟಿ ಮೆತ್ತಗಾಗಿ ‘ಅಡರ್’ ಅಂತ ಕೇಳುತ್ತದೆ. ‘ಅಡರ್’ ಅಂದರೆ ಹಸುವಿನ ಕೆಚ್ಚಲು. ಎರಡೂ ಇವರ ಬಾಯಲ್ಲಿ ಒಂದೇ. ಬೆಣ್ಣೆಯ ಜಾಹೀರಾತಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ!

ಗಾಂಧಿನಗರದ ಪ್ರೇಕ್ಷಕ
ಲೆಟರ್, ಬೆಟರ್, ಮ್ಯಾಟರ್ ಅಂತ ನಾವೂ ಒತ್ತಿಲ್ಲದೇ ಹೇಳುತ್ತೇವಲ್ಲ. ಇದೊಂದಕ್ಕೆ ಮಾತ್ರ ಒತ್ತು. ಸಿನಿಮಾ ಬಿದ್ದ ಸಂಕಟ ಹೇಳೋಕೆ ಒತ್ತು ಬೇಕೇ ಬೇಕು ಅಂತ ನನ್ನ ಅನಿಸಿಕೆ. ‘ಅಟರ್ ಫ್ಲಾಪ್’ ಅಂದು ನೋಡಿ, ಯಾರಿಗೂ ತಾಗಲ್ಲ. ಥಿಯೇಟರ್ ಮುಂದೆ ‘ತೋಪಾಯ್ತು’, ‘ಮಕಾಡೆ ಮಲಗಿತು’ ಅನ್ನುವವರೂ ಹಾಗೇ ಎಳೆದು ಹೇಳುತ್ತಾರೆ.

ಪದಬೇಟೆ
ಈಗ ನನಗೆ ಇಷ್ಟದ ವಿಷಯ. ಈ ಪದ ಎಲ್ಲಿಂದ ಬಂತು ಗೊತ್ತಾ? ಹಳೆಯ ಇಂಗ್ಲಿಷಿನಲ್ಲಿ ‘ಊಟ್’ ಅಂದರೆ ಹೊರಗೆ, ಇವತ್ತಿನ ‘ಔಟ್’. ಅದರ ತರ ರೂಪ ‘ಊಟೆರ’, ಅಂದರೆ ಇನ್ನೂ ಹೊರಗಿನದು. ಅದೇ ‘ಅಟ್ಟರ್’ ಆಯಿತು, ‘ಔಟರ್’ ಕೂಡ ಅದರ ಅಕ್ಕಪಕ್ಕದ್ದು. ಮೊದಲು ಹೊರಗಿನದು, ಆಮೇಲೆ ಕಟ್ಟಕಡೆಯದು, ಆಮೇಲೆ ಪೂರ್ತಿ. ಅರ್ಥ ಹೀಗೆ ನಡೆದು ಬಂದಿದೆ.

ಇನ್ನೂ ಮಜಾ ಇದೆ. ಆ ‘ಔಟ್’ ಮತ್ತು ಸಂಸ್ಕೃತದ ‘ಉದ್’ ಒಂದೇ ಮೂಲದವು. ‘ಉದ್’ಗೆ ತರ ಪ್ರತ್ಯಯ ಸೇರಿದರೆ ‘ಉತ್ತರ’. ಅಂದರೆ ‘ಅಟ್ಟರ್’ ಮತ್ತು ‘ಉತ್ತರ’ ದಾಯಾದಿಗಳು! ನಮ್ಮ ಉತ್ತರಾರ್ಧ, ಉತ್ತರಕ್ರಿಯೆ, ಉತ್ತರ ಕರ್ನಾಟಕ ಎಲ್ಲದರಲ್ಲೂ ಇರುವ ಪದ.

ಮೂಲ ಸಂಸ್ಕೃತಿ
ಅದನ್ನೇ ನಾನು ಹೇಳುತ್ತಾ ಬಂದಿದ್ದು. ಇಂಗ್ಲಿಷ್ ಹುಟ್ಟಿದ್ದೇ ಸಂಸ್ಕೃತದಿಂದ. ಇನ್ನೇನು ಪುರಾವೆ ಬೇಕು?

ಪದಬೇಟೆ
ಇಲ್ಲ ಸರ್, ಅದು ಹಾಗಲ್ಲ. ದಾಯಾದಿ ಅಂದೆ, ಅಪ್ಪ ಮಗ ಅನ್ನಲಿಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲಕ್ಕೂ ಒಂದು ಸಮಾನ ಮೂಲ ಇರಬೇಕು, ಆ ಮೂಲ ಈಗ ಬಹುಶಃ ಉಳಿದಿಲ್ಲ ಅಂತ ವಿಲಿಯಂ ಜೋನ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ್ದು ಪ್ರಸಿದ್ಧ. ಇಂಗ್ಲಿಷೂ ಆ ಮನೆತನದ ಇನ್ನೊಂದು ಕವಲು. ಸಂಸ್ಕೃತದಿಂದ ಇಳಿದು ಬಂದಿದ್ದಲ್ಲ.

ಧಾರವಾಡ ಪೇಡೆ
ಮತ್ತ ಕನ್ನಡ ಆ ಮನೆತನದ್ದಲ್ಲ, ಅದನ್ನೂ ಹೇಳ್ರಿ. ದ್ರಾವಿಡ ಭಾಷೆಗಳದ್ದೇ ಬೇರೆ ಕುಟುಂಬ ಅಂತ ಎಲ್ಲಿಸ್ ಅನ್ನೋ ಬ್ರಿಟಿಷ್ ಅಧಿಕಾರಿ 1816ರಲ್ಲೇ ತೋರಿಸಿದ್ದರು. ‘ಉತ್ತರ’ ನಾವು ಸಂಸ್ಕೃತದಿಂದ ತಗೊಂಡಿದ್ದು. ದಿಕ್ಕಿಗೆ ನಮ್ಮದೇ ಪದ ‘ಬಡಗ’. ನೀಲಗಿರಿಯ ಬಡಗರಿಗೆ ಆ ಹೆಸರು ಬಂದಿದ್ದೂ ಅದಕ್ಕೇ, ಅವರು ಉತ್ತರದಿಂದ, ಮೈಸೂರು ಸೀಮೆ ಕಡೆಯಿಂದ ಹೋದವರು.

ಮೂಲ ಸಂಸ್ಕೃತಿ
ವಿದೇಶಿಯರು ಹೇಳಿದ್ದನ್ನೇ ನಂಬುತ್ತೀರಿ.

ನಿವೃತ್ತ ಮೇಷ್ಟ್ರು
ಹೇಳಿದವರು ಯಾರು ಅನ್ನುವುದಕ್ಕಿಂತ ಪದಗಳು ಏನು ಹೇಳುತ್ತವೆ ನೋಡೋಣ. ಕೈ, ಕಾಲು, ಕಣ್ಣು, ಒಂದು, ಎರಡು, ಮೂರು. ಇವುಗಳ ನೆಂಟರು ತಮಿಳು ಮಲಯಾಳದಲ್ಲಿ ಸಿಗುತ್ತಾರೆ. ಇಲ್ಲಿಗೆ ಈ ಜಗಳ ಬಿಟ್ಟು ‘ಅಟ್ಟರ್’ಗೆ ಬನ್ನಿ ದಯವಿಟ್ಟು.

ಸುಮ್ನೆ ಓದುವವಳು
‘ಅಟ್ಟರ್’ ಅಂದರೆ ಮಾತಾಡು ಅಂತಲೂ ಇದೆಯಲ್ಲ? ‘ಡಿಡ್ ನಾಟ್ ಅಟ್ಟರ್ ಎ ವರ್ಡ್’. ಅದೂ ಇದೇನಾ?

ಕೋರ್ಟ್ ಹಾಲ್ ಕಡೆಯಿಂದ
ಅದು ಕ್ರಿಯಾಪದ. ಬಾಯಿಂದ ಹೊರಗೆ ಹಾಕು ಅಂತ. ‘ಹೊರಗೆ’ ಅನ್ನುವ ಬೇರು ಅಲ್ಲೂ ಇದೆ, ಆದರೆ ಡಚ್ ಕಡೆಯ ದಾರಿ ಹಿಡಿದು ಬಂದಿದೆ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಮಾತಾಡುವುದರ ಬಗ್ಗೆ ಇದ್ದ ಐಪಿಸಿ 294ರಲ್ಲಿ ‘ಅಟ್ಟರ್ಸ್’ ಅಂತ ಇದೇ ಪದ ಇತ್ತು. 2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 296.

ವಿಮೆ ಸಲಹೆಗಾರ
‘ಅಟ್‌ಮೋಸ್ಟ್’ ಕೂಡ ಇದೇ ಮನೆಯದಾ? ನಮ್ಮ ಪರೀಕ್ಷೆಯಲ್ಲಿ ಮೊದಲ ಪಾಠವೇ ‘ಅಟ್‌ಮೋಸ್ಟ್ ಗುಡ್ ಫೇತ್’.

ಪದಬೇಟೆ
ಅದೇ ಮನೆ. ‘ಔಟ್’ನ ತಮ ರೂಪ, ಎಲ್ಲಕ್ಕಿಂತ ಹೊರತುದಿಯದು. ಆದರೆ ನಡತೆ ಪೂರಾ ಬೇರೆ. ‘ಅಟ್‌ಮೋಸ್ಟ್ ಕೇರ್’, ‘ಅಟ್‌ಮೋಸ್ಟ್ ರೆಸ್ಪೆಕ್ಟ್’, ‘ಅಟ್‌ಮೋಸ್ಟ್ ಇಂಪಾರ್ಟೆನ್ಸ್’. ಎಲ್ಲ ಮರ್ಯಾದಸ್ಥ ಪದಗಳೇ. ಒಂದೇ ಮನೆಯ ಇಬ್ಬರಲ್ಲಿ ಒಬ್ಬ ಸಭೆ ಸಮಾರಂಭಕ್ಕೆ, ಇನ್ನೊಬ್ಬ ಜಗಳಕ್ಕೆ.

ವಿಮೆ ಸಲಹೆಗಾರ
ಈ ‘ಅಟ್‌ಮೋಸ್ಟ್’ ಬಗ್ಗೆ ಎಲ್ಲರೂ ತಿಳಿದಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಬೇರೆ ವ್ಯಾಪಾರದಲ್ಲಿ ಕೊಳ್ಳುವವನು ನೋಡಿ ಕೊಳ್ಳಬೇಕು. ವಿಮೆಯಲ್ಲಿ ಹಾಗಲ್ಲ. ನಿಮ್ಮ ಸಕ್ಕರೆ ಕಾಯಿಲೆ, ಬಿಪಿ, ಆಪರೇಷನ್ ಎಲ್ಲ ನಿಮಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ಪ್ರಪೋಸಲ್ ಫಾರಂನಲ್ಲಿ ಕೇಳಿದ್ದನ್ನೆಲ್ಲ ಮುಚ್ಚಿಡದೆ ಹೇಳಲೇಬೇಕು. ಏಜೆಂಟ್ ‘ಇಲ್ಲ ಅಂತ ಟಿಕ್ ಹಾಕಿ, ಏನೂ ಆಗಲ್ಲ’ ಅಂದರೆ ಕೇಳಬೇಡಿ. ಜೀವ ವಿಮೆಯಲ್ಲಿ 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 2015ರ ತಿದ್ದುಪಡಿಯಿಂದ ಬಂದಿದ್ದು. ಆದರೆ ಆ ಮೂರು ವರ್ಷದೊಳಗೆ ಏನಾದರೂ ಆದರೆ ಮನೆಯವರು ಅಲೆಯಬೇಕಾಗುತ್ತದೆ.

ಹೊಸಕೋಟೆ ಓದುಗ
ಎಲ್ಲರಿಗೂ ಧನ್ಯವಾದ. ವರದಿ ‘ಕಂಪ್ಲೀಟ್ ಸಕ್ಸೆಸ್’ ಅಂತಲೇ ಹೋಯಿತು. ಆದರೆ ನನ್ನ ಒಂದು ಮಾತು ನಿಲ್ಲುತ್ತದೆ. ನಿಘಂಟಿನವರು ಬರೀ ‘ಸಂಪೂರ್ಣ’ ಅಂತ ಬರೆದು ಕೈತೊಳೆದುಕೊಂಡರೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಅಂದರೆ ನಿಘಂಟೇ. ಮನೆಯಲ್ಲಿ ಕೇಳಿ ಕಲಿಯೋಕೆ ಅದು ನಮ್ಮ ಭಾಷೆ ಅಲ್ಲ. ಪದದ ಜೊತೆ ಅದು ಯಾವುದರ ಪಕ್ಕ ಕೂರುತ್ತದೆ ಅಂತಲೂ ಅಚ್ಚು ಹಾಕಬೇಕು.

ನಿವೃತ್ತ ಮೇಷ್ಟ್ರು
ನೂರಕ್ಕೆ ನೂರು ಒಪ್ಪುತ್ತೇನೆ. ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಲ್ಲಿ ಕಲಿಯುವವರಿಗಾಗಿಯೇ ಮಾಡಿದ್ದು ಸಿಗುತ್ತವೆ, ಅವು ಉದಾಹರಣೆ ವಾಕ್ಯ ಕೊಡುತ್ತವೆ. ಯಾವ ಪದಕ್ಕೆ ಯಾವುದು ಜೊತೆ ಅಂತ ತೋರಿಸುವುದಕ್ಕೇ ‘ಕಾಲಕೇಷನ್ಸ್ ಡಿಕ್ಷನರಿ’ ಇದೆ. ‘ಸಕ್ಸೆಸ್’ ತೆಗೆದರೆ ಅದರ ಮುಂದೆ ಬರುವ ಗುಣವಾಚಕಗಳ ಸಾಲೇ ಸಿಗುತ್ತದೆ. ಅರ್ಥ ನೋಡುವುದರ ಜೊತೆಗೆ ಉದಾಹರಣೆಗಳನ್ನೂ ಓದಿ. ನಾನು ಮಕ್ಕಳಿಗೆ ಪದವನ್ನು ಒಂಟಿಯಾಗಿ ಬರೆಸುತ್ತಿರಲಿಲ್ಲ, ಜೋಡಿಯಾಗಿಯೇ ಬರೆಸುತ್ತಿದ್ದೆ. ‘ಅಟ್ಟರ್’ ಅಲ್ಲ, ‘ಅಟ್ಟರ್ ನಾನ್ಸೆನ್ಸ್’.

ಕನ್ನಡ ನಿಘಂಟುಗಳಿಗೂ ಇದು ಬೇಕು. ‘ಆಗರ್ಭ’ ಪದ ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೆ ಸಿಕ್ಕರೆ ಅವರು ‘ಆಗರ್ಭ ಸುಂದರಿ’ ಅಂತ ಬರೆದಾರು. ಅವರನ್ನು ದೂರುವ ಹಾಗಿಲ್ಲ.

ಸುಮ್ನೆ ಓದುವವಳು
ಮೇಷ್ಟ್ರೇ, ‘ಶೀರ್’ ಒಂದು ಉಳಿದಿದೆ. ‘ಶೀರ್ ಲಕ್’ ಅಂತಾರೆ, ‘ಅಟ್ಟರ್ ಲಕ್’ ಅನ್ನಲ್ಲ. ಯಾಕೆ?

ನಿವೃತ್ತ ಮೇಷ್ಟ್ರು
‘ಶೀರ್’ ಅಂದರೆ ‘ಬರೀ’ ಅಮ್ಮ, ಇನ್ನೇನೂ ಸೇರಿಲ್ಲದ್ದು. ‘ಶೀರ್ ಲಕ್’ ಅಂದರೆ ಬರೀ ಅದೃಷ್ಟ, ಶ್ರಮ ಏನಿಲ್ಲ ಅಂತ. ‘ಶೀರ್ ಹಾರ್ಡ್ ವರ್ಕ್’ ಅಂದರೆ ಬರೀ ದುಡಿಮೆ, ಅದೃಷ್ಟ ಏನಿಲ್ಲ ಅಂತ. ‘ಶೀರ್ ಸೈಜ್’, ‘ಶೀರ್ ನಂಬರ್ಸ್’ ಅಂತ ಗಾತ್ರಕ್ಕೂ ಬರುತ್ತದೆ, ಅಲ್ಲಿ ‘ಅಟ್ಟರ್’ ಬರುವುದೇ ಇಲ್ಲ. ಒಳ್ಳೆಯದು ಕೆಟ್ಟದ್ದು ಎರಡಕ್ಕೂ ಹಾಕಬಹುದು.

ಚಿನ್ನಸ್ವಾಮಿ ಗ್ಯಾಲರಿ
ಅಂಥದ್ದೇ ‘ಔಟ್‌ರೈಟ್’ ಮರೆತಿರಾ? ‘ಔಟ್‌ರೈಟ್ ಲೈ’ ಅಂತಲೂ ಅಂತಾರೆ, ರಣಜಿಯಲ್ಲಿ ‘ಔಟ್‌ರೈಟ್ ವಿನ್’ ಅಂತಲೂ ಅಂತಾರೆ. ಲೀಗ್ ಪಂದ್ಯದಲ್ಲಿ ಔಟ್‌ರೈಟ್ ಗೆದ್ದರೆ 6 ಅಂಕ, ಇನಿಂಗ್ಸ್ ಅಥವಾ 10 ವಿಕೆಟ್ ಗೆಲುವಾದರೆ ಇನ್ನೊಂದು ಬೋನಸ್. ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3, ಇನ್ನೊಬ್ಬರಿಗೆ 1.

ಧಾರವಾಡ ಪೇಡೆ
ನಾಕೌಟ್‌ನಲ್ಲಿ ಡ್ರಾ ಆದರೂ ಮೊದಲ ಇನಿಂಗ್ಸ್ ಮುನ್ನಡೆ ಇದ್ದವರೇ ಮುಂದಕ್ಕೆ. ಹಿಂಗಾಗಿ ಮುನ್ನಡೆ ಸಿಕ್ಕ ಮೇಲೆ ಸುಮ್ಮನ ಬ್ಯಾಟ್ ಮಾಡಿ ದಿನ ಕಳೆಯುತ್ತಾರೆ. ಅದು ನನಗ ಸೇರಂಗಿಲ್ಲ.

ಚಿನ್ನಸ್ವಾಮಿ ಗ್ಯಾಲರಿ
ನಮ್ಮವರು 2015ರ ಫೈನಲ್‌ನಲ್ಲಿ ಹಾಗೆ ಮಾಡಲಿಲ್ಲವಲ್ಲ. ವಾಂಖೆಡೆಯಲ್ಲಿ ಕರುಣ್ ನಾಯರ್ 328 ಹೊಡೆದರು, ತಮಿಳುನಾಡನ್ನು ಇನಿಂಗ್ಸ್ ಮತ್ತು 217 ರನ್‌ನಿಂದ ಸೋಲಿಸಿದೆವು. ಮುನ್ನಡೆ ಲೆಕ್ಕ ಹಾಕುವ ಅಗತ್ಯವೇ ಬರಲಿಲ್ಲ. ಔಟ್‌ರೈಟ್ ಅಂದರೆ ಅದು.

ಕಡಲತೀರ
ಅದರ ಹಿಂದಿನ ವರ್ಷದ ಫೈನಲ್‌ನಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರದ ಮೇಲೆ 7 ವಿಕೆಟ್ ಗೆಲುವು, ಅದೂ ಔಟ್‌ರೈಟೇ. ಕ್ರಿಕೆಟ್‌ಗೆ ಬೇರೆ ಎಳೆ ಶುರು ಮಾಡಿ ಮಾರಾಯ್ರೆ, ನಾನೂ ಬರುತ್ತೇನೆ.